ಕರೆಂಟಿನ ಬನೀನು

ಮಹಾನಂದಳ ಬುಲೆಟ್ಟಿನ ಸದ್ದು ಕೇಳಿ ಚಾಮರಾಜಪೇಟೆಯ ಜನ ಕಿಟಕಿಯಿಂದ ಇಣುಕುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮೊದಮೊದಲು ಇಣುಕುತ್ತಿದ್ದರು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಹಿಂದಿನ ಸೀಟಿಗೆ ಕಂಬಳಿ ಮೂಟೆ ಕಟ್ಟಿಕೊಂಡು ಕಾಲೇಜು ಹುಡುಗಿಯೊಬ್ಬಳು ಮೋಟಾರುಸೈಕಲ್ಲು ಓಡಿಸಿಕೊಂಡು ಹೋಗುವುದು ತೊಂಬತ್ತರ ಹೊತ್ತಿಗೆ ನಿಂತು ನೋಡುವಂಥ ಸಂಗತಿಯೇ ಆಗಿತ್ತು. ಅವಳ ಅಪ್ಪ ವೀರಭದ್ರಯ್ಯನವರಿಗೆ ಪೇಟೆಯಲ್ಲಿ ಕಂಬಳಿ ಅಂಗಡಿ. ಮಂಡಿನೋವು ಶುರುವಾದ ಮೇಲೆ ಅಂಗಡಿಯ ಹಳೆಯ ರಾಜದೂತನ್ನು ಒದ್ದು ಸ್ಟಾರ್ಟ್ ಮಾಡಲು ಅವರಿಂದ ಆಗುತ್ತಿರಲಿಲ್ಲ. "ಮೂಟೆ ತರೋಕೆ ಆಳು ಹುಡುಕ್ಕೊಂಡು ಅಲೆಯೋದಕ್ಕಿಂತ ಮಗಳಿಗೆ ಕಲಿಸೋದು ವಾಸಿ" ಎಂದು ಅವರೇ ಕೋಟೆ ಮೈದಾನದಲ್ಲಿ ಅವಳಿಗೆ ಗಾಡಿ ಕಲಿಸಿದರು. ರಾಜದೂತ್ ಸತ್ತ ಮೇಲೆ ಬುಲೆಟ್ ಬಂತು.

ಹೆಣ್ಣು ನೋಡಲು ಬಂದ ದಿನ ಶಶಿಕಿರಣನ ಸೋದರತ್ತೆ ಅಂಗಳದಲ್ಲಿ ನಿಂತ ಆ ಗಾಡಿಯನ್ನು ತೋರಿಸಿ, "ಮದುವೆ ಆದ್ಮೇಲೂ ಇದನ್ನ ಓಡಿಸ್ತೀಯೇನಮ್ಮ?" ಎಂದು ಕೇಳಿದ್ದರು.

"ನಿಮ್ಮನೆ ಗೇಟು ಎಷ್ಟು ಅಗಲ ಇದೆ ಅತ್ತೆ?" ಎಂದಿದ್ದಳು ಮಹಾನಂದ.

ಶಶಿಕಿರಣ್ ಉಪ್ಪಿಟ್ಟಿನ ತಟ್ಟೆಯ ಮೇಲೆ ಬಗ್ಗಿ ನಕ್ಕ. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ಅವನಿಗೆ ಸ್ಕೂಟರೇ ಸಾಕಾಗಿತ್ತು. ಮದುವೆಯಾದ ವಾರದಲ್ಲಿ ಅವನೇ ಮೇಸ್ತ್ರಿಯನ್ನು ಕರೆಸಿ ಗೇಟಿನ ಪಕ್ಕದ ಕಲ್ಲುಕಂಬವನ್ನು ಒಂದು ಗೇಣು ಸರಿಸಿದ.

ಹೀಗೆ ಯಾರ ಮಾತಿಗೂ ನಿಲ್ಲದ ಗಾಡಿ ಅವಳ ಬೆರಳುಗಳಿಂದಲೇ ನಿಲ್ಲುವ ಹಾಗಾಯಿತು. ಮಗಳು ಶಿವರಂಜಿನಿ ಹುಟ್ಟಿದ ವರ್ಷದ ಚಳಿಗಾಲದಲ್ಲಿ ಮೊದಲ ಸಲ ಅದು ಕಾಣಿಸಿತು. ಬೆಳಗಿನ ಜಾವ ಮಗುವಿನ ಬಟ್ಟೆ ಒಗೆದು ಕೈ ನೋಡಿಕೊಂಡರೆ ಬೆರಳ ತುದಿಗಳು ಸೀಮೆಸುಣ್ಣದಂತೆ ಬೆಳ್ಳಗಾಗಿದ್ದವು, ಚಿವುಟಿದರೂ ಗೊತ್ತಾಗುತ್ತಿರಲಿಲ್ಲ. ಗಳಿಗೆ ಕಳೆದ ಮೇಲೆ ನೀಲಿಯಾಗಿ, ಆಮೇಲೆ ಕೆಂಪಗೆ ಉರಿದು ಸರಿಹೋದವು. ಡಾಕ್ಟರು ನೋಡಿ, "ಚಳಿ ತಾಕಿದ್ರೆ ನಿಮ್ಮ ಬೆರಳಿನ ರಕ್ತನಾಳ ಮುದುಡ್ಕೊಳ್ಳುತ್ತೆ. ಹೆದರಬೇಡಿ. ಕೈ ಬೆಚ್ಚಗಿಡಿ. ಕೈಗಿಂತ ಮೊದಲು ಮೈ ಬೆಚ್ಚಗಿಡಿ" ಎಂದಿದ್ದರು. ಕೈ ಬೆಚ್ಚಗಿಡಿ ಎಂದಿದ್ದಷ್ಟೇ ಮಹಾನಂದಳ ತಲೆಗೆ ಹೋಯಿತು. ಕೊನೆಯ ಮಾತು ಹೊಳೆಯಲು ಇನ್ನೂ ವರ್ಷಗಳು ಬೇಕಾದವು.

ಬಸವನಗುಡಿಯಲ್ಲಿ ಮೋಟಾರುಸೈಕಲ್ಲಿನವರದೊಂದು ಗುಂಪಿತ್ತು. ಭಾನುವಾರ ಬೆಳಿಗ್ಗೆ ಗಾಂಧಿಬಜಾರಿನ ಹೋಟೆಲಿನ ಮುಂದೆ ಸೇರಿ, ದೋಸೆ ತಿಂದು, ಎಲ್ಲಿಗಾದರೂ ಹೊರಡುತ್ತಿದ್ದರು. ವರ್ಷಕ್ಕೊಮ್ಮೆ ಜನವರಿಯಲ್ಲಿ ಊಟಿಯ ಸವಾರಿ. ಅಲ್ಲಿಯ ಹಿಮ ಬೀಳುವ ಬೆಳಗಿನಲ್ಲಿ ಕಲ್ಲಟ್ಟಿ ಘಾಟಿಯನ್ನು ಇಳಿದು ಮಸಿನಗುಡಿಯಲ್ಲಿ ಟೀ ಕುಡಿದರೆ ಆ ವರ್ಷ ಸಾರ್ಥಕ ಎಂದು ಅವರೆಲ್ಲರ ನಂಬಿಕೆ. ಗುಂಪಿನ ಹಿರಿಯ ಚಕ್ರಪಾಣಿ, ಬ್ಯಾಂಕಿನಲ್ಲಿ ಆಫೀಸರು. ಯಾರು ಮುಂದೆ, ಯಾರು ಹಿಂದೆ, ಯಾರು ಬೇಡ ಎನ್ನುವುದನ್ನೆಲ್ಲ ಅವರೇ ತೀರ್ಮಾನಿಸುವುದು. ಮಹಾನಂದಳಿಗೆ ಆ ಗುಂಪೆಂದರೆ ವರ್ಷದಲ್ಲಿ ಎರಡು ದಿನ ಅಂಗಡಿಯೂ ಅಲ್ಲದ, ಅಡುಗೆಮನೆಯೂ ಅಲ್ಲದ ತನ್ನದೇ ರಸ್ತೆ.

2003ರ ಜನವರಿಯಲ್ಲಿ ಕಲ್ಲಟ್ಟಿಯ ಒಂದು ತಿರುವಿನಲ್ಲಿ ಅವಳು ಬ್ರೇಕ್ ಹಿಡಿಯಬೇಕೆಂದುಕೊಂಡಳು, ಬೆರಳು ಹಿಡಿಯಲಿಲ್ಲ. ಬೆರಳು ತನ್ನದೇ, ಆದರೆ ಹೇಳಿದ ಮಾತು ಕೇಳುತ್ತಿಲ್ಲ. ಗಾಡಿ ಚರಂಡಿಗೆ ಬಿತ್ತು, ಅವಳು ಹುಲ್ಲಿನ ಮೇಲೆ. ಮೊಣಕೈ ತರಚಿದ್ದು ಬಿಟ್ಟರೆ ಪೆಟ್ಟಾಗಲಿಲ್ಲ. ಆದರೆ ಹಿಂದೆ ಬರುತ್ತಿದ್ದ ಚಕ್ರಪಾಣಿ ಎಲ್ಲವನ್ನೂ ನೋಡಿದ್ದರು.

ಆ ವರ್ಷದ ನವೆಂಬರಿನಲ್ಲಿ, ದೋಸೆಯ ತಟ್ಟೆ ಪಕ್ಕಕ್ಕಿಟ್ಟು ಅವರು ಮುಂದಿನ ಸವಾರಿಯ ಮಾತೆತ್ತಿದರು. "ಈ ಸಲ ಮಹಾನಂದ ಜೀಪಲ್ಲಿ ಬರ್ತಾರೆ. ಲಗೇಜ್ ಜೊತೆಗೆ."

"ನಾನು ಲಗೇಜ್ ಅಲ್ಲ ಸರ್."

"ಬೇಜಾರು ಮಾಡ್ಕೋಬೇಡ್ರಮ್ಮ. ಮನೇಲಿ ಚಿಕ್ಕ ಮಗು ಇದೆ. ನಿಮ್ಮ ಕೈ ಚಳೀಗೆ ಆಗಲ್ಲ."

"ಮಗು ನನ್ನದು, ಕೈನೂ ನಂದೇ. ಎರಡನ್ನೂ ಹೇಗೆ ನೋಡ್ಕೋಬೇಕು ಅಂತ ಗೊತ್ತು. ಕೈ ಆಗುತ್ತೆ ಅಂತ ತೋರಿಸಿದ್ರೆ?"

ಚಕ್ರಪಾಣಿ ಕೆಟ್ಟವರಲ್ಲ. ಯೋಚಿಸಿ, "ಹೇಗೆ ತೋರಿಸ್ತೀರಿ?" ಎಂದರು.

ವೀರಭದ್ರಯ್ಯನವರ ಅಂಗಡಿಯಲ್ಲೊಂದು ಪದ್ಧತಿಯಿತ್ತು. ಕಂಬಳಿಯ ಅಂಚಿನ ಎಳೆಗಳನ್ನು ಮೊದಲೇ ಕಟ್ಟಿ ಇಡುತ್ತಿರಲಿಲ್ಲ. ಬೆಲೆ ಒಪ್ಪಿಗೆಯಾದ ಮೇಲೆ ಗಿರಾಕಿಯ ಕಣ್ಣೆದುರೇ ಎಳೆಗಳನ್ನು ಹೊಸೆದು ಕುಚ್ಚು ಕಟ್ಟಿ ಕೊಡುವುದು. ಕುಚ್ಚಿಗೆ ಗಂಟು ಬಿತ್ತೆಂದರೆ ವ್ಯಾಪಾರ ಮುಗಿಯಿತು, ಆಮೇಲೆ ಅವರೂ ಮಾತಾಡುವಂತಿಲ್ಲ, ಇವರೂ ಮಾತಾಡುವಂತಿಲ್ಲ. ಬೆರಳಿನ ತುದಿಯಲ್ಲಿ ಜೀವವಿಲ್ಲದವರು ಆ ಎಳೆ ಹೊಸೆಯಲಾರರು.

"ಡಿಸೆಂಬರಲ್ಲಿ ನಂದಿಬೆಟ್ಟ ಹತ್ತಿ ಇಳಿಯೋಣ, ಸೂರ್ಯ ಬರೋ ಮುಂಚೆ" ಎಂದಳು ಮಹಾನಂದ. "ಇಳಿದ ತಕ್ಷಣ ನಿಮ್ಮೆದುರಿಗೇ ಕಂಬಳಿಗೆ ಕುಚ್ಚು ಕಟ್ತೀನಿ. ಕಟ್ಟಿದ್ರೆ ನಾನು ಗಾಡೀಲಿ."

"ಕಟ್ಟದಿದ್ರೆ ಜೀಪು. ಒಂದೇ ಚಾನ್ಸು" ಎಂದರು ಚಕ್ರಪಾಣಿ.

ಅಷ್ಟು ಧೈರ್ಯವಾಗಿ ಹೇಳಲು ಅವಳಿಗೊಂದು ಆಧಾರವಿತ್ತು. ಆ ಮಳೆಗಾಲದಲ್ಲಿ ಹಾಲೆಂಡಿನ ಹೆಂಗಸೊಬ್ಬಳು ಅಂಗಡಿಗೆ ಬಂದಿದ್ದಳು. ತನ್ನ ದೇಶದಿಂದ ಮೋಟಾರುಸೈಕಲ್ಲಿನಲ್ಲೇ ಹೊರಟು, ಬೆಟ್ಟ ಮರಳುಗಾಡು ದಾಟಿ, ಉಪ್ಪಾರಪೇಟೆಯ ಲಾಡ್ಜೊಂದರಲ್ಲಿ ಇಳಿದುಕೊಂಡಿದ್ದ ಗಟ್ಟಿಗಿತ್ತಿ. ಇನ್ನು ಕೇರಳಕ್ಕೆ ಹೋಗಿ ಗಾಡಿಯನ್ನು ಹಡಗಿಗೆ ಹಾಕುವವಳು. ಕರಿ ಕಂಬಳಿಯ ಮೇಲೆ ಅವಳಿಗೆ ಮನಸ್ಸಾಯಿತು. ಅವಳ ಚೀಲದಲ್ಲಿದ್ದ, ಇನ್ನು ಬೇಡವಾದ ಚಳಿಯ ಬಟ್ಟೆಗಳ ಮೇಲೆ ಮಹಾನಂದಳಿಗೆ ಮನಸ್ಸಾಯಿತು. ಗಾಡಿಯ ಬ್ಯಾಟರಿಗೆ ವೈರು ಸಿಕ್ಕಿಸಿದರೆ ಬಿಸಿಯಾಗುವ ಬಟ್ಟೆ. ಅಂಗಡಿಯ ಹಾಸಿನ ಮೇಲೆ ಆಕೆ ಎಲ್ಲವನ್ನೂ ಹರಡಿದಳು. ತುಂಬುತೋಳಿನ ಜಾಕೆಟ್ಟು, ತೋಳಿಲ್ಲದ ಬನೀನಿನಂಥದ್ದು, ಕೈಗವಸು, ಬೂಟಿನೊಳಗೆ ಹಾಕುವ ಅಟ್ಟೆ.

ಜಾಕೆಟ್ಟು ನೋಡಲು ಚೆನ್ನಾಗಿತ್ತು. ಹಾಕಿಕೊಂಡರೆ ಮಹಾನಂದಳಂಥವರು ಇಬ್ಬರು ಹಿಡಿಸುವಷ್ಟು ದೊಡ್ಡದು. ಆಕೆ ತಲೆಯಾಡಿಸಿ, ಮೈಗೆ ಅಂಟಿರದಿದ್ದರೆ ಬಿಸಿ ಗಾಳಿಗೆ ಹೋಗುತ್ತದೆ ಎಂದು ಕೈಸನ್ನೆಯಲ್ಲೇ ತಿಳಿಸಿದಳು. ಬನೀನಿಗೆ ಪಕ್ಕದಲ್ಲಿ ಪಟ್ಟಿಗಳಿದ್ದವು, ಎಳೆದು ಬಿಗಿ ಮಾಡಿಕೊಳ್ಳಬಹುದಿತ್ತು. ಅದು ಮತ್ತು ಕೈಗವಸು ಸಾಕೆಂದಳು ಮಹಾನಂದ. ಅವಳ ಕಣ್ಣೆಲ್ಲ ಕೈಗವಸಿನ ಮೇಲೆ. ಆಕೆ ಮಾತ್ರ ಬನೀನಿನ ಮೇಲೆ ಕೈಯಿಟ್ಟು, "ಮೊದಲು ಇದು" ಎಂದು ಇಂಗ್ಲಿಷಿನಲ್ಲಿ ಎರಡೆರಡು ಸಲ ಹೇಳಿದಳು.

"ವೈರು ಹೊಲಿದ ಅಂಗಿಗೆ ನನ್ನ ಎರಡು ಕರಿ ಕಂಬಳಿನಾ?" ಎಂದರು ವೀರಭದ್ರಯ್ಯ ಕನ್ನಡಕದ ಮೇಲಿಂದ. "ಕಂಬಳಿ ಅಂಗಡಿ ಮಗಳಿಗೆ ಕರೆಂಟಿನ ಬಿಸಿ ಬೇಕಾಯ್ತೇ? ಪೇಟೇಲಿ ಯಾರಿಗೂ ಹೇಳ್ಬೇಡ ತಾಯಿ."

"ಎಲ್ಲರಿಗೂ ಹೇಳ್ತೀನಿ ಅಪ್ಪಾಜಿ" ಎಂದ ಅವಳು ಆಗಲೇ ಕುಚ್ಚು ಹೊಸೆಯತೊಡಗಿದ್ದಳು.

ಮನೆಯಲ್ಲಿ ಅದಕ್ಕೆ 'ಕರೆಂಟಿನ ಬನೀನು' ಎಂದು ಹೆಸರಿಟ್ಟವಳು ಐದು ವರ್ಷದ ಮಗಳು ರಂಜು. ಅದರಿಂದ ನೇತಾಡುತ್ತಿದ್ದ ವೈರನ್ನು ಹಿಡಿದು, "ಅಮ್ಮ, ನಿಂಗೂ ಪ್ಲಗ್ ಇದೆ" ಎಂದಳು. ಶಶಿಕಿರಣ್ ಬ್ಯಾಟರಿಯಿಂದ ಸೀಟಿನ ಕೆಳಗೆ ವೈರು ಎಳೆದು, ನಡುವೆ ಒಂದು ಫ್ಯೂಸು ಹಾಕಿಕೊಟ್ಟ. ಮೊದಲ ದಿನ ಗೇಟಿನ ಮುಂದೆ ಗಾಡಿ ನಿಲ್ಲಿಸಿ ಇಳಿದ ಮಹಾನಂದ ವೈರು ಬಿಡಿಸುವುದನ್ನು ಮರೆತು ಎರಡು ಹೆಜ್ಜೆ ಹೋಗಿ, ಗೂಟಕ್ಕೆ ಕಟ್ಟಿದ ಹಸುವಿನಂತೆ ಹಿಂದಕ್ಕೆ ಜಗ್ಗಿ ನಿಂತಳು. ಎದುರುಮನೆಯ ಬೈರಮ್ಮ ಕಸ ಗುಡಿಸುವುದನ್ನು ನಿಲ್ಲಿಸಿ, "ಇಷ್ಟು ದಿನ ನೀನು ಗಾಡಿ ಹಿಡ್ಕೊಂಡಿದ್ದೆ, ಈಗ ಗಾಡಿ ನಿನ್ನ ಹಿಡ್ಕೊಂಡಿದೆ" ಎಂದರು.

ಡಿಸೆಂಬರಿನ ಆ ಭಾನುವಾರ ಮಹಾನಂದ ಚಳಿಗೆ ಸರಿಯಾಗಿಯೇ ಸಿದ್ಧಳಾದಳು, ಅಂದರೆ ಹಾಗೆಂದುಕೊಂಡಳು. ಮೈಗೆ ಉಣ್ಣೆಯ ಒಳಂಗಿ, ಅದರ ಮೇಲೆ ಅಮ್ಮ ಹೆಣೆದ ದಪ್ಪ ಸ್ವೆಟರು, ಅದರ ಮೇಲೆ ಕರೆಂಟಿನ ಬನೀನು, ಎಲ್ಲಕ್ಕೂ ಮೇಲೆ ರೆಗ್ಜಿನ್ ಜಾಕೆಟ್ಟು. ಹಾಲೆಂಡಿನವಳು ಹೇಗೆ ಹಾಕಿಕೊಳ್ಳುತ್ತಿದ್ದಳೆಂದು ಅವಳು ಕೇಳಿರಲಿಲ್ಲ. ಉಣ್ಣೆ ಹೇಗೆ ಹಾಕಬೇಕೆಂದು ಕಂಬಳಿ ಅಂಗಡಿಯವರು ಇನ್ನೊಬ್ಬರನ್ನು ಕೇಳುತ್ತಾರೆಯೇ?

ದೇವನಹಳ್ಳಿ ದಾಟಿದರೂ ಮೈಗೆ ಬಿಸಿ ತಾಕಲಿಲ್ಲ. ಬನೀನಿನ ಬಿಸಿ ಏರಿಸುವ ತಿರುಪನ್ನು ಪೂರ್ತಿ ತಿರುಗಿಸಿದಳು. ಕೈಗವಸನ್ನೂ ಹಾಗೇ. ಗಾಡಿಯ ಮುಂದಿನ ದೀಪವೂ ಉರಿಯುತ್ತಲೇ ಇತ್ತು. ಬೆಟ್ಟ ಹತ್ತುವಾಗ ಅದು ಮಂಕಾಗಿ ಕೆಂಪಾಯಿತು. ಇಳಿಯುವಾಗ ಹಾರ್ನ್ ಒತ್ತಿದರೆ ನೆಗಡಿಯಾದವರ ದನಿ. ಇನ್ನೆರಡು ತಿರುವು ಆಗುವಷ್ಟರಲ್ಲಿ ಇಂಜಿನ್ನು ಬಿಕ್ಕಳಿಸಿ ನಿಂತಿತು. ಬ್ಯಾಟರಿ ಖಾಲಿ. ಬಟ್ಟೆ ತಣ್ಣಗೆ, ಬೆರಳು ಬೆಳ್ಳಗೆ.

ಚಕ್ರಪಾಣಿ ಪಕ್ಕಕ್ಕೆ ಬಂದು ನಿಂತರು. ಅವಳ ಗಾಡಿಯ ಚೀಲದಿಂದ ಕಂಬಳಿ ತೆಗೆದುಕೊಟ್ಟರು. ಅವಳು ಎಳೆಗಳನ್ನು ಹಿಡಿದಳು. ಹಿಡಿದಿದ್ದೇನೋ ಬಿಟ್ಟಿದ್ದೇನೋ ಬೆರಳಿಗೆ ತಿಳಿಯಲಿಲ್ಲ. ಮೂರು ಸಲ ಜಾರಿದ ಮೇಲೆ ಅವರೇ ಕಂಬಳಿಯನ್ನು ಮಡಿಸಿಟ್ಟರು.

"ಜೀಪಲ್ಲೂ ಕಿಟಕಿ ಪಕ್ಕದ ಸೀಟು ಕೊಡ್ತೀನಿ" ಎಂದರು. ಸಮಾಧಾನಕ್ಕೇ ಹೇಳಿದ್ದು. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ.

ಮಾರನೆಯ ದಿನ ಅಂಗಡಿಯಲ್ಲಿ ಅವಳ ಮುಖ ನೋಡಿ ವೀರಭದ್ರಯ್ಯ, "ಏನೇನು ಹಾಕ್ಕೊಂಡಿದ್ದೆ ಹೇಳು" ಎಂದರು. ಅವಳು ಒಂದೊಂದಾಗಿ ಹೇಳಿದಳು. ಹೇಳುತ್ತಿರುವಾಗಲೇ ಅವಳ ಕಣ್ಣು ಮೂಲೆಯಲ್ಲಿದ್ದ ಹಳೆಯ ಕಂಬಳಿಗಳ ಅಟ್ಟಿಯ ಮೇಲೆ ಬಿತ್ತು. ಅವಳು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಆ ಅಟ್ಟಿ ಖಾಲಿಯಾಗುತ್ತಿತ್ತು. ಐಸ್ ಡಿಪೋದವರು ಬಂದು ಹರಿದ ಕಂಬಳಿಗಳನ್ನು ಒಯ್ಯುತ್ತಿದ್ದರು. ಐಸಿನ ಗಡ್ಡೆಯನ್ನು ಅದರಲ್ಲಿ ಸುತ್ತಿಟ್ಟರೆ ಬೇಗ ಕರಗುವುದಿಲ್ಲವೆಂದು.

"ಅಪ್ಪಾಜಿ, ಐಸಿಗೆ ಯಾಕೆ ಕಂಬಳಿ ಸುತ್ತೋರು?"

"ಹೊರಗಿನ ಬಿಸಿ ಒಳಗೆ ಹೋಗದೆ ಇರ್ಲಿ ಅಂತ. ಕಂಬಳಿ ಬಿಸಿ ಕೊಡಲ್ಲ ಕಣಮ್ಮ, ಕಾಯುತ್ತೆ. ಒಳಗಿರೋದನ್ನ ಒಳಗೆ, ಹೊರಗಿರೋದನ್ನ ಹೊರಗೆ."

ಮಹಾನಂದ ಗಲ್ಲಾಪೆಟ್ಟಿಗೆಯ ಮೇಲೆ ಹಣೆಯಿಟ್ಟಳು. ಮೈಗೂ ಬಿಸಿಗೂ ನಡುವೆ ತಾನೇ ಎರಡು ಪದರ ಉಣ್ಣೆಯ ಕಾವಲು ನಿಲ್ಲಿಸಿದ್ದಳು. ಐಸಿನ ಗಡ್ಡೆಯ ಹಾಗೆ ತನ್ನನ್ನು ಸುತ್ತಿಕೊಂಡು, ಹೊರಗೆ ಒಲೆ ಹಚ್ಚಿದ್ದಳು.

"ನಾನಾದ್ರೂ ಹಾಗೇ ಹಾಕ್ಕೊಳ್ತಿದ್ದೆ" ಎಂದರು ಅಪ್ಪ. "ಮೂರು ತಲೆಮಾರಿನಿಂದ ಕಂಬಳಿ ಮಾರಿ, ಉಣ್ಣೆ ಮೊದಲು, ಮಿಕ್ಕಿದ್ದು ಆಮೇಲೆ ಅಂತ ರೂಢಿ ಬಿದ್ಬಿಟ್ಟಿದೆ."

ಅಂದು ಸಂಜೆ ಅವಳು ತೆಳ್ಳನೆಯ ಹತ್ತಿ ಅಂಗಿಯ ಮೇಲೆ ಬನೀನು ತೊಟ್ಟು, ಪಟ್ಟಿ ಬಿಗಿದು, ಅದರ ಮೇಲೆ ಸ್ವೆಟರು ಹಾಕಿ ಅಂಗಳದಲ್ಲಿ ಗಾಡಿ ಸ್ಟಾರ್ಟ್ ಮಾಡಿ ಕೂತಳು. ತಿರುಪು ಅರ್ಧಕ್ಕೂ ಬಂದಿರಲಿಲ್ಲ, ಬೆನ್ನಿನ ಮೇಲೆ ಯಾರೋ ಬಿಸಿಬಿಸಿ ಅಂಗೈ ಇಟ್ಟಂತಾಯಿತು. ರಂಜು ಅಮ್ಮನ ಸ್ವೆಟರಿನೊಳಗೆ ಕೈ ತೂರಿಸಿ, "ಇಲ್ಲೇ ಮಲಗ್ತೀನಿ" ಎಂದಳು. ಮಗುವನ್ನು ಎದೆಗೊತ್ತಿಕೊಂಡು ಕೂತಿದ್ದಾಗಲೇ ಡಾಕ್ಟರ ಕೊನೆಯ ಮಾತು ಅವಳಿಗೆ ನೆನಪಾಯಿತು. ಮೈ ಬಿಸಿಯಾಗಿದ್ದರೆ ರಕ್ತ ತಾನಾಗಿ ಬೆರಳಿಗೆ ಹೋಗುತ್ತದೆ. ಬರೀ ಬೆರಳನ್ನೇ ಕಾಯಿಸುತ್ತ ಕೂರುವುದು ಬೇರನ್ನು ಬಿಟ್ಟು ಎಲೆಗೆ ನೀರು ಹಾಕಿದ ಹಾಗೆ.

ಬ್ಯಾಟರಿಯ ಸಮಸ್ಯೆ ಮಾತ್ರ ಉಳಿದಿತ್ತು. ಗಂಡಹೆಂಡತಿ ಇಬ್ಬರೂ ಜೆ.ಸಿ. ರಸ್ತೆಯ ಶೀನಣ್ಣನ ಅಂಗಡಿಗೆ ಹೋದರು. ಗಾಡಿಗಳ ಕರೆಂಟ್ ಕೆಲಸದ ಶೀನಣ್ಣ ಮೀಟರು ಹಿಡಿದು ನೋಡಿ, "ನಿಮ್ಮ ಬುಲೆಟ್ ಹುಟ್ಟಿಸೋ ಕರೆಂಟು ಒಂದು ಸಂಸಾರಕ್ಕೆ ಸಾಕು. ನೀವು ಛತ್ರ ನಡೆಸಕ್ಕೆ ಹೊರಟಿದೀರ" ಎಂದ. ದೀಪ, ಬನೀನು, ಕೈಗವಸು ಮೂರೂ ಒಟ್ಟಿಗೆ ಆಗದು. ಯಾವುದಾದರೂ ಎರಡು.

"ಕೈಗವಸೇ ಬಿಟ್ಬಿಡು ನಂದಾ" ಎಂದ ಶಶಿಕಿರಣ್.

"ಇಳಿಜಾರಲ್ಲಿ ಬೇಕೇ ಬೇಕು ರೀ. ಬನೀನು ಯಾವಾಗ್ಲೂ ಇರ್ಲಿ. ದೀಪ ಮತ್ತೆ ಕೈಗವಸಿಗೆ ಒಂದೇ ಸ್ವಿಚ್ಚು ಹಾಕಿ. ಈ ಕಡೆ ಒತ್ತಿದ್ರೆ ದೀಪ, ಆ ಕಡೆ ಒತ್ತಿದ್ರೆ ಕೈ. ಬೆಳಕು ಹರಿದ ಮೇಲೆ ದೀಪದ ಕೆಲಸ ಏನಿದೆ?"

ಶೀನಣ್ಣ ಎಸ್.ಪಿ. ರಸ್ತೆಯಿಂದ ಅಂಥದ್ದೊಂದು ಸ್ವಿಚ್ಚು ತರಿಸಿ ಹ್ಯಾಂಡಲಿಗೆ ಕೂರಿಸಿದ. "ಗಾಡಿ ನಿಂತಿರುವಾಗ ಬನೀನು ಆನ್ ಮಾಡ್ಬೇಡಿ. ಇಂಜಿನ್ ಓಡ್ತಿದ್ರೇನೇ ಕರೆಂಟು ಹುಟ್ಟೋದು. ಮೈ ಬೆವರೋಷ್ಟು ಬಿಸಿನೂ ಮಾಡ್ಕೋಬೇಡಿ. ಬೆವರು ಆರಿದ್ರೆ ಮೊದಲಿಗಿಂತ ಚಳಿ" ಎಂದ.

ಮಹಾನಂದ ಒಂದೆರಡು ಬೆಳಿಗ್ಗೆ ಒಬ್ಬಳೇ ನಂದಿಬೆಟ್ಟ ಹತ್ತಿ ಇಳಿದು ನೋಡಿದಳು. ಆಮೇಲೆ ಚಕ್ರಪಾಣಿಯವರ ಮನೆಗೆ ಹೋದಳು. ಅವರು ಕಾಫಿ ಕೊಡಿಸಿದರು, ಒಪ್ಪಿಗೆ ಕೊಡಲಿಲ್ಲ.

"ಒಂದೇ ಚಾನ್ಸು ಅಂತ ಮಾತಾಗಿತ್ತಲ್ಲಮ್ಮ. ಒಬ್ಬರಿಗೆ ಸಡಿಲ ಬಿಟ್ರೆ ಎಲ್ಲರೂ ಕೇಳ್ತಾರೆ. ನಿಮಗೇನಾದ್ರೂ ಆದ್ರೆ ನಾಳೆ ನಿಮ್ಮಪ್ಪಂಗೆ ನಾನೇ ಮುಖ ತೋರಿಸ್ಬೇಕು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಮಹಾನಂದ ಲೋಟ ಕೆಳಗಿಟ್ಟಳು. "ನಿಮ್ಮ ಗುಂಪಿಗೆ ನನ್ನ ಸೇರಿಸ್ಕೋಬೇಡಿ ಸರ್, ಮಾತಿಗೆ ಸೋತಿದೀನಿ. ಆದ್ರೆ ಊಟಿ ರಸ್ತೆ ನಿಮ್ಮ ಗುಂಪಿಂದಲ್ಲ."

ಜನವರಿಯ ಆ ಶನಿವಾರ ಗಾಂಧಿಬಜಾರಿನಿಂದ ಗಾಡಿಗಳು ಹೊರಟಾಗ ಹಿಂದೆ ಜೀಪು, ಜೀಪಿನ ಹಿಂದೆ ಕೂಗಳತೆಯ ದೂರದಲ್ಲಿ ಮಹಾನಂದಳ ಬುಲೆಟ್. ಅವರು ಮದ್ದೂರಿನಲ್ಲಿ ತಿಂಡಿಗೆ ನಿಂತರೆ ಅವಳು ಪಕ್ಕದ ಹೋಟೆಲಿನಲ್ಲಿ ನಿಂತಳು. ಗುಂಡ್ಲುಪೇಟೆಯಲ್ಲಿ ಗುಂಪಿನ ಹುಡುಗರು, "ಮೇಡಂ, ನಮ್ಜೊತೆ ಬನ್ನಿ" ಎಂದು ಕರೆದರು. "ನಾನು ನಿಮ್ಜೊತೆ ಬಂದಿಲ್ಲಪ್ಪ, ನನ್ನ ಪಾಡಿಗೆ ಊಟಿಗೆ ಹೋಗ್ತಿದೀನಿ" ಎಂದಳು. ಚಕ್ರಪಾಣಿ ಅತ್ತ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಮಾತ್ರ ದಾರಿಯುದ್ದಕ್ಕೂ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಊಟಿಯ ಹುಲ್ಲಿನ ಮೇಲೆ ಹಿಮ ಉಪ್ಪು ಚೆಲ್ಲಿದ ಹಾಗೆ ಕೂತಿತ್ತು. ಗಾಡಿಗಳ ಸೀಟಿನ ಮೇಲೂ ಬಿಳಿ. ಮಹಾನಂದ ಹತ್ತಿಯ ಅಂಗಿ, ಬನೀನು, ಸ್ವೆಟರು, ಜಾಕೆಟ್ಟು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಒಂದೊಂದಾಗಿ ತೊಟ್ಟಳು. ಕಲ್ಲಟ್ಟಿಯ ಬಾಯಿಗೆ ಬರುವ ಹೊತ್ತಿಗೆ ಬೆಳಕು ಹರಿದಿತ್ತು. ಸ್ವಿಚ್ಚನ್ನು ಆ ಕಡೆಗೆ ಒತ್ತಿದಳು. ದೀಪ ಆರಿತು. ನಿಧಾನವಾಗಿ, ಮಗು ಬೆರಳು ಹಿಡಿದಂತೆ, ಕೈಗೆ ಬಿಸಿ ಬಂತು.

ಕಳೆದ ಸಲ ಬಿದ್ದ ತಿರುವಿನಲ್ಲಿ ಅದೇ ಚರಂಡಿ ಅವಳನ್ನು ಕಾಯುತ್ತಿತ್ತು. ಮಹಾನಂದ ಗೇರು ಇಳಿಸಿ, ಬ್ರೇಕಿನ ಮೇಲೆ ಎರಡು ಬೆರಳಿಟ್ಟಳು. ಬೆರಳು ಹೇಳಿದಷ್ಟೇ ಹಿಡಿಯಿತು, ಹೇಳಿದಾಗ ಬಿಟ್ಟಿತು. ಹೆಲ್ಮೆಟ್ಟಿನೊಳಗೆ ಅವಳು ಚರಂಡಿಗೆ ಒಂದು ಬೈಗುಳ ಹಾಕಿದಳು. ಅಂಗಡಿಯಲ್ಲಾಗಲಿ ಮನೆಯಲ್ಲಾಗಲಿ ಆ ಮಾತನ್ನು ಅವಳು ಯಾವತ್ತೂ ಆಡಿದವಳಲ್ಲ.

ಮಸಿನಗುಡಿಯ ಟೀ ಅಂಗಡಿಯ ಮುಂದೆ ಎಲ್ಲರೂ ಕೈ ಉಜ್ಜುತ್ತ, ಕುಣಿಯುತ್ತ ನಿಂತಿದ್ದರು. ಮಹಾನಂದ ಗಾಡಿ ನಿಲ್ಲಿಸಿದಳು. ಮೊದಲು ವೈರು ಬಿಡಿಸಿದಳು, ಆಮೇಲೆ ಇಳಿದಳು. ಪಕ್ಕದ ಚೀಲದಿಂದ ಅಪ್ಪನ ಅಂಗಡಿಯ ಕರಿ ಕಂಬಳಿ ತೆಗೆದು, ಸೀದಾ ಚಕ್ರಪಾಣಿಯವರ ಮುಂದಿನ ಬೆಂಚಿನ ಮೇಲೆ ಹರಡಿದಳು. ಕೈಗವಸು ಕಳಚಿದಳು. ಬೆರಳ ತುದಿಗಳು ಅಷ್ಟಿಷ್ಟು ಬಿಳಿಚಿಕೊಂಡಿದ್ದವು, ಸುಳ್ಳೇಕೆ, ಆದರೆ ಅವುಗಳಲ್ಲಿ ಜೀವವಿತ್ತು. ನಾಲ್ಕು ಎಳೆ ಆರಿಸಿ, ಹೊಸೆದು, ಮಡಚಿ, ಗಂಟು ಬಿಗಿದಳು. ಇನ್ನೊಂದು ಕಟ್ಟಿದಳು. ಹಾಗೇ ಇಡೀ ಅಂಚು ಮುಗಿಸಿದಳು.

"ಇನ್ನೊಂದು ಚಾನ್ಸು ನಾನು ಕೊಟ್ಟಿರ್ಲಿಲ್ಲ" ಎಂದರು ಚಕ್ರಪಾಣಿ.

"ಈ ಸಲ ನಾನೂ ಕೇಳ್ಲಿಲ್ಲ ಸರ್, ತಗೊಂಡೆ." ಅವಳು ಕಂಬಳಿಯ ಇನ್ನೊಂದು ಅಂಚನ್ನು ಅವರ ಕಡೆಗೆ ತಿರುಗಿಸಿದಳು. "ಈಗ ನೀವು ಕಟ್ಟಿ."

ಹುಡುಗರು ಹತ್ತಿರ ಸರಿದರು. ಚಕ್ರಪಾಣಿ ಚರ್ಮದ ಕೈಗವಸು ತೆಗೆದು ಎಳೆ ಹಿಡಿಯಲು ನೋಡಿದರು. ಬೆರಳುಗಳು ಕೊರಡಿನಂತೆ ಸೆಟೆದಿದ್ದವು. ಎಳೆ ಒಂದು ಕಡೆ, ಕೈ ಒಂದು ಕಡೆ. ಅವರಿಗೂ ಅರವತ್ತು ಹತ್ತಿರವಾಗಿತ್ತು. ಘಾಟಿ ಇಳಿದು ಬಂದ ಆ ಕೈಗಳು ಬ್ರೇಕನ್ನು ಹೇಗೆ ಹಿಡಿದಿದ್ದವೋ ಅವರಿಗೇ ಗೊತ್ತು. ಬೆಂಚಿನ ಮೇಲಿದ್ದ ಟೀ ಲೋಟವನ್ನು ಅವರು ಅಲ್ಲಿಯವರೆಗೆ ಯಾಕೆ ಎತ್ತಿರಲಿಲ್ಲ ಎಂಬುದು ಈಗ ಎಲ್ಲರಿಗೂ ತಿಳಿಯಿತು.

"ಜೀಪಲ್ಲಿ ಕಿಟಕಿ ಪಕ್ಕ ಜಾಗ ಇದೆಯಂತೆ ಸರ್" ಎಂದಳು ಮಹಾನಂದ.

ಒಬ್ಬ ಹುಡುಗ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದ. ಚಕ್ರಪಾಣಿ ಮೊದಲು ಕೆಂಪಾದರು, ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. "ಸರಿಯಾಗಿ ಕೊಟ್ರಿ ಕಣಮ್ಮ" ಎಂದು ನಕ್ಕರು.

ಅವರ ನಗು ಮುಗಿಯುವ ಮೊದಲೇ ಅವಳು ಇನ್ನೂ ಬಿಸಿ ಆರದ ತನ್ನ ಕೈಗವಸುಗಳನ್ನು ಎತ್ತಿಕೊಂಡು, ಸ್ಕೂಲಿಗೆ ಹೊರಟ ರಂಜುವಿಗೆ ತೊಡಿಸುವ ಹಾಗೆ, ಒಂದೊಂದೇ ಬೆರಳನ್ನು ನೋಡಿಕೊಂಡು ಅವರ ಕೈಗೆ ತೊಡಿಸಿದಳು. ಅವರಿಗೆ ಬಿಗಿಯಾದವು, ಮಣಿಕಟ್ಟಿನ ತನಕ ಬರಲಿಲ್ಲ. ಅವರು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಆದ್ರೂ ಮಹಾನಂದ ಅವರೇ, ಮುಂದಿನ ವರ್ಷ..." ಎಂದು ಅವರು ಶುರುಮಾಡಿದರು.

"ಗಂಟು ಬಿತ್ತು ಸರ್" ಎಂದಳು ಮಹಾನಂದ, ಕಂಬಳಿ ಮಡಿಸುತ್ತ. "ಇನ್ನು ಮಾತಿಲ್ಲ."

ಆಮೇಲೆ ಅವರ ಲೋಟವನ್ನು ಎತ್ತಿ ಅವರ ಕೈಗೆ ಕೊಟ್ಟು, ತನಗೊಂದು ಟೀ ಹೇಳಿದಳು.